ಶಿವರಾತ್ರಿಯಿಂದ ಯುಗಾದಿವರೆಗೆ: ಮನೆಯ ಓಡಾಟಕ್ಕೆ ಯಾವ ಸೈಕಲ್ ಸರಿ?

‘ಗೇರ್ ಇರೋದು ಬೇಕಾ ಸಾರ್, ಇಲ್ಲದ್ದು ಬೇಕಾ?’ ಸೈಕಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಬರುವ ಪ್ರಶ್ನೆ ಇದು. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತುವವರಿಗೆ ಇದು ಸರಿಯಾದ ಪ್ರಶ್ನೆಯೇ. ಆದರೆ ಹಾಲು, ತರಕಾರಿ, ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಬ್ಯಾಂಕು ಅಂತ ಸುತ್ತುವವರು ಗೇರಿನ ಯೋಚನೆಯನ್ನು ಕೊನೆಗಿಟ್ಟುಕೊಂಡರೆ ಸಾಕು. ಈ ಓಡಾಟದಲ್ಲಿ ತುಳಿಯುವುದಕ್ಕಿಂತ ಇಳಿಯುವುದು, ನಿಲ್ಲಿಸುವುದು, ಬೀಗ ಹಾಕುವುದು, ಮತ್ತೆ ಹತ್ತುವುದೇ ಜಾಸ್ತಿ. ಮೂರು ಕಿಲೋಮೀಟರಿನ ಸುತ್ತಿನಲ್ಲಿ ಐದಾರು ಕಡೆ ನಿಲ್ಲಬೇಕು, ಪ್ರತಿ ಸಲವೂ ಹೊರೆ ಒಂದಿಷ್ಟು ಹೆಚ್ಚಿರುತ್ತದೆ. ಹಾಗಾಗಿ ಮನೆಗೆಲಸದ ಸೈಕಲ್ಲನ್ನು ಓಡುವ ಚಂದ ನೋಡಿ ಆರಿಸಬೇಡಿ, ಹೊರೆ ಹೊತ್ತು ನಿಲ್ಲುವ ರೀತಿ ನೋಡಿ ಆರಿಸಿ. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ. ಲೆಕ್ಕ ಮೈಸೂರಿನದು. ಬೇರೆ ಊರಿನವರು ಎಲ್ಲಿ ತಿದ್ದಿಕೊಳ್ಳಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕಾಲವೇ ಯಾಕೆ

ಪಂಚಾಂಗದ ವಸಂತ ಚೈತ್ರದಿಂದ ಶುರುವಾದರೂ ನಮ್ಮ ರಸ್ತೆಗಳಿಗೆ ಅದು ಸ್ವಲ್ಪ ಮುಂಚೆಯೇ ಬಂದಿರುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿತೆಂದರೆ, ಬೆಳಗ್ಗೆ ಏಳಕ್ಕೆ ಸ್ವೆಟರ್ ಬೇಕೋ ಬೇಡವೋ ಎಂಬ ಅನುಮಾನ, ಮಧ್ಯಾಹ್ನ ಎರಡಕ್ಕೆ 33 ಡಿಗ್ರಿಯ ಬಿಸಿಲು. ಸೈಕಲ್ ಹೊಡೆಯುವವರಿಗೆ ದಿನದಲ್ಲಿ ಎರಡು ಒಳ್ಳೆಯ ಹೊತ್ತು ಸಿಗುತ್ತವೆ: ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ, ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವವರೆಗೆ. ನಡುವಿನ ಹೊತ್ತನ್ನು ಬಿಸಿಲಿಗೇ ಬಿಡಿ.

ಮನೆಯ ಓಡಾಟ ಅತಿ ಹೆಚ್ಚಿರುವುದೂ ಈಗಲೇ. ಹೊಸ ಹುಣಿಸೆಹಣ್ಣು ಬಂದಿರುತ್ತದೆ, ಬ್ಯಾಡಗಿ ಮೆಣಸಿನಕಾಯಿ ಬಂದಿರುತ್ತದೆ. ವರ್ಷಕ್ಕಾಗುವಷ್ಟು ಸಾರಿನಪುಡಿ, ಹುಳಿಪುಡಿ ಮಾಡಿಸಿಡುವವರು ಹುರಿದ ಮೆಣಸಿನಕಾಯಿ ಡಬ್ಬ ಹೊತ್ತು ಗಿರಣಿಗೆ ಹೊರಡುತ್ತಾರೆ. ಸಂಡಿಗೆಗೆ, ಹಪ್ಪಳಕ್ಕೆ ಹಿಟ್ಟು ಬೀಸಿಸಬೇಕು. ಮಾರ್ಚ್ 31 ಹತ್ತಿರ ಬಂದ ಹಾಗೆ ಎಲ್‌ಐಸಿ ಕಂತು, ಬ್ಯಾಂಕಿನ ಪಾಸ್‌ಬುಕ್, ಜೆರಾಕ್ಸ್ ಅಂಗಡಿ. ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೆ ಮುಗಿಯುವಂಥವು. ಸ್ಕೂಟರ್ ತೆಗೆದು ಎಂಜಿನ್ ಬಿಸಿಯಾಗುವುದರೊಳಗೆ ಊರೇ ಬಂದಿರುತ್ತದೆ.

ಒಂದು ಎಚ್ಚರಿಕೆ. ನಮ್ಮಲ್ಲಿ ಮರಗಳು ಎಲೆ ಉದುರಿಸುವುದು ಈ ಕಾಲದಲ್ಲೇ. ಮಳೆಮರ, ಹೊಂಗೆಮರಗಳ ಕೆಳಗಿನ ರಸ್ತೆಯಂಚು ತರಗೆಲೆಯಿಂದ ಮುಚ್ಚಿಹೋಗುತ್ತದೆ. ಸೈಕಲ್ಲಿನವರು ಹೋಗುವುದೂ ಆ ಅಂಚಿನಲ್ಲೇ. ಎಲೆಯ ಅಡಿಯಲ್ಲಿ ಗುಂಡಿ ಇದೆಯೋ, ಒಡೆದ ಗಾಜಿದೆಯೋ, ಚರಂಡಿಯ ಕಲ್ಲು ಬಾಯಿಬಿಟ್ಟಿದೆಯೋ ಕಾಣುವುದಿಲ್ಲ. ತೀರ ಸಣ್ಣ ಟೈರಿನ ಸೈಕಲ್ ಬೇಡ ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದು.

ಕರಿ ಸೈಕಲ್

ಹಾಲಿನವರು, ಸೊಪ್ಪಿನವರು, ಹಳೆ ಪೇಪರಿನವರು ಇವತ್ತಿಗೂ ಬಿಡದ ಸೈಕಲ್ ಇದು. 28 ಇಂಚಿನ ಚಕ್ರ, ರಾಡ್ ಬ್ರೇಕು, ಕಬ್ಬಿಣದ ಅಗಲ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ ಬಾಗಿಲು ಹಾಕಿತು. ಆದರೂ ಆ ಜಾತಿಯ ಸೈಕಲ್ಲಿಗೇನೂ ಬರವಿಲ್ಲ, ಬೇರೆ ಕಂಪನಿಗಳದ್ದು ಹೊಸದೇ ಸಿಗುತ್ತದೆ, ಹಳೆಯದಂತೂ ಬೇಕಾದಷ್ಟಿದೆ.

ಹೊರೆಯ ಮಾತಿಗೆ ಬಂದರೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. 2022ರ ಜುಲೈಯಿಂದ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಜಿಎಸ್‌ಟಿ ಬಂದದ್ದೇ ತಡ, ಅಂಗಡಿಯಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿತಲ್ಲ, ಆ ಚೀಲವನ್ನು ಅಲುಗಾಡದೆ ಮನೆಗೆ ತರುವುದು ಈ ಕ್ಯಾರಿಯರ್ ಒಂದೇ. ಸ್ಟ್ಯಾಂಡ್ ಹಾಕಿ ಹೊರೆ ಕಟ್ಟುವಾಗ ಸೈಕಲ್ ಕದಲುವುದಿಲ್ಲ. ಚೈನ್ ಕವರ್ ಪೂರ್ತಿ ಇರುವುದರಿಂದ ಪಂಚೆಗೆ ಗ್ರೀಸ್ ಮೆತ್ತುವುದಿಲ್ಲ. ಕೆಟ್ಟರೆ ಯಾವ ಹಳ್ಳಿಯಲ್ಲಾದರೂ ರಿಪೇರಿ.

ತೊಂದರೆ ಇರುವುದು ಅಡ್ಡ ಪೈಪಿನಲ್ಲಿ. ಹಿಂದೆ ಮೂಟೆ ಇದ್ದಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತಲಾಗುವುದಿಲ್ಲ. ಮುಂದಿನಿಂದ ಎತ್ತಿ ಹಾಕಲು ಮಂಡಿ ಗಟ್ಟಿಯಿರಬೇಕು. ಐದಾರು ನಿಲುಗಡೆಯಲ್ಲಿ ಇದೇ ಸುಸ್ತು ಮಾಡುತ್ತದೆ, ತುಳಿತವಲ್ಲ. ಸೈಕಲ್ ತೂಕವೇ ಇಪ್ಪತ್ತು ಕೆಜಿಯ ಆಸುಪಾಸು. ಇನ್ನು ರಾಡ್ ಬ್ರೇಕು ಒಣರಸ್ತೆಯಲ್ಲಿ ನಡೆಯುತ್ತದೆ, ಕಬ್ಬಿಣದ ರಿಮ್ ಒದ್ದೆಯಾದರೆ ಹಿಡಿದೂ ಹಿಡಿಯದ ಹಾಗೆ. ಯುಗಾದಿ ಹೊತ್ತಿಗೆ ಸಂಜೆ ಧುತ್ತೆಂದು ಮಾವಿನ ಮಳೆ ಸುರಿದಾಗ ಇದು ನೆನಪಿರಲಿ. ಅಂಗಡಿ ಇಟ್ಟವರಿಗೆ, ತೋಟದಿಂದ ಸಾಮಾನು ತರುವವರಿಗೆ, ಎತ್ತರದ ಆಳುಗಳಿಗೆ ಕರಿ ಸೈಕಲ್ ಸರಿ. ಮಿಕ್ಕವರು ಮುಂದಿನದನ್ನು ನೋಡಿ.

ಲೇಡೀಸ್ ಸೈಕಲ್, ಗಂಡಸರಿಗೂ

ನಾನು ಹತ್ತು ಜನಕ್ಕೆ ಹೇಳಬೇಕಾದರೆ ಏಳೆಂಟು ಜನಕ್ಕೆ ಹೇಳುವುದು ಇದನ್ನೇ. ಅಡ್ಡ ಪೈಪಿಲ್ಲದ, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಮಡ್‌ಗಾರ್ಡು, ಚೈನ್ ಕವರ್, ಬೆಲ್ಲು ಎಲ್ಲ ಸೇರಿಸಿಯೇ ಕೊಡುವ 26 ಇಂಚಿನ ಸೈಕಲ್. ಬಿಎಸ್‌ಎ ಲೇಡಿಬರ್ಡ್, ಹೀರೋ ಮಿಸ್ ಇಂಡಿಯಾ ಎಂಬ ಹೆಸರುಗಳೇ ಇದರ ಮಾರಾಟಕ್ಕೆ ಅಡ್ಡಿ. ಸೈಕಲ್ಲಿನ ರಚನೆಯಲ್ಲಿ ಹೆಂಗಸರಿಗೆ ಮಾತ್ರ ಅನ್ನುವಂಥದ್ದು ಏನೂ ಇಲ್ಲ. ಸೀರೆ, ಪಂಚೆ, ಚೂಡಿದಾರ್ ಯಾವುದಾದರೂ ಸರಿ, ಹಿಂದೆ ಎಷ್ಟೇ ಎತ್ತರಕ್ಕೆ ಕಟ್ಟಿದ್ದರೂ ಸರಿ, ಒಂದು ಕಾಲು ದಾಟಿಸಿದರೆ ಸೀಟಿನ ಮೇಲಿರುತ್ತೀರಿ. ಸಿಗ್ನಲ್ಲಿನಲ್ಲಿ ಕಾಲೂರುವುದು ಸಲೀಸು. ಅರವತ್ತು ದಾಟಿದವರಿಗಂತೂ ಬೇರೆ ಮಾತೇ ಬೇಡ.

ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಹುಡುಗಿಯರಿಗೆ ಕೊಟ್ಟದ್ದು ಅಡ್ಡ ಪೈಪಿಲ್ಲದ್ದು. ಓದಿ ಕೆಲಸಕ್ಕೆ ಸೇರಿದ ಮಗಳ ಸೈಕಲ್ ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದೆ. ಫ್ರೇಮು ತುಕ್ಕು ಹಿಡಿದು ಕೊರೆದಿರದಿದ್ದರೆ ಎರಡು ಟೈರು, ಎರಡು ಟ್ಯೂಬು, ಬ್ರೇಕ್ ಶೂ, ಚೈನು ಹಾಕಿಸಿ, ಬೇರಿಂಗಿಗೆ ಗ್ರೀಸ್ ತುಂಬಿಸಿದರೆ ಎದ್ದು ಕೂರುತ್ತದೆ. ಹೊಸ ಸೈಕಲ್ಲಿನ ಅರ್ಧ ದುಡ್ಡೂ ಆಗುವುದಿಲ್ಲ.

ಇದರ ಕೊರತೆಗಳು ಎರಡು. ಜೊತೆಗೆ ಬರುವ ಬುಟ್ಟಿ, ಕ್ಯಾರಿಯರ್ ತೆಳುವಾದ ತಗಡು, ಅದರ ಬೋಲ್ಟುಗಳನ್ನು ಕೊಂಡ ದಿನವೇ ಬಿಗಿ ಮಾಡಿಸಿ, ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿಸಿ. ಇನ್ನೊಂದು, ಸೀಟಿನ ಪೈಪು ಎತ್ತರದವರಿಗೆ ಸಾಲದು. ಆರಡಿಯವರು ಮಂಡಿ ಮಡಚಿಕೊಂಡೇ ತುಳಿಯಬೇಕಾಗುತ್ತದೆ. ಉದ್ದದ ಸೀಟ್ ಪೈಪ್ ಬೇರೆ ಕೊಂಡು ಹಾಕಿಸಬಹುದು, ದಪ್ಪ ಹೊಂದಬೇಕು ಅಷ್ಟೆ. ಹಳೆಯದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ.

ಗೇರ್ ಸೈಕಲ್

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೆಚ್ಚು ನಿಂತಿರುವ, ಹೆಚ್ಚು ದುಡ್ಡು ಕೊಟ್ಟು ತಂದ ಸೈಕಲ್ ಇದು. ಹಗುರ, ವೇಗ, ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಏರಿನಲ್ಲಿ ಸುಖ. ಆದರೆ ಅಂಗಡಿಯಿಂದ ಬರುವಾಗ ಬೋಳು. ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ, ಕೆಲವದಕ್ಕೆ ಬೆಲ್ಲೂ ಇಲ್ಲ. ‘ಇದಕ್ಕೆ ಕ್ಯಾರಿಯರ್ ಹಾಕ್ಸಿದ್ರೆ ಲುಕ್ ಹೋಗುತ್ತೆ ಸಾರ್’ ಅನ್ನುತ್ತಾನೆ ಅಂಗಡಿಯ ಹುಡುಗ. ಲುಕ್ ಹೋಗಲಿ, ಕುಂಬಳಕಾಯಿ ಎಲ್ಲಿಡೋಣಪ್ಪಾ?

ಮನೆಯಲ್ಲಿ ಆಗಲೇ ಇದ್ದರೆ ಮಾರಬೇಡಿ, ಸಜ್ಜು ಮಾಡಿಸಿ. ಫ್ರೇಮಿನ ಹಿಂದೆ, ಚಕ್ರದ ಅಚ್ಚಿನ ಪಕ್ಕದಲ್ಲಿ ಬೋಲ್ಟ್ ಹಾಕುವ ಪುಟ್ಟ ತೂತು ಇದೆಯೇ ನೋಡಿ. ಇದ್ದರೆ ನಾಲ್ಕು ಕಡೆ ಕೂರುವ ಕ್ಯಾರಿಯರ್ ಹಾಕಿಸಬಹುದು, ಅಂಥವುಗಳ ಮೇಲೆ ಸಾಮಾನ್ಯವಾಗಿ 25 ಕೆಜಿ ಎಂದು ಅಚ್ಚಾಗಿರುತ್ತದೆ. ತೂತಿಲ್ಲದಿದ್ದರೆ ಸೀಟ್ ಪೈಪಿಗೆ ಕಚ್ಚಿಸುವ ಕ್ಯಾರಿಯರ್ ತೋರಿಸುತ್ತಾರೆ. ಅದು ಒಂಬತ್ತು ಹತ್ತು ಕೆಜಿಗೇ ಸುಸ್ತು, ಗುಂಡಿಗೆ ಬಿದ್ದಾಗ ಎಡಬಲಕ್ಕೆ ತಿರುಗಿಬಿಡುತ್ತದೆ. ಹಾಲು, ಬ್ರೆಡ್ಡಿಗೆ ಸಾಕು, ಗಿರಣಿಗೆ ಬೇಡ. ಸ್ಟ್ಯಾಂಡೂ ಒಂಟಿಗಾಲಿನದು: ಹೊರೆ ಇಟ್ಟರೆ ವಾಲುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ತುದಿ ಇಳಿದು ಸೈಕಲ್ ಮಲಗುತ್ತದೆ. ಗೋಡೆಗೆ ಆನಿಸುವುದೇ ವಾಸಿ.

ಹೊಸದಾಗಿ ಕೊಳ್ಳುವುದಾದರೆ, ಹೋಗಿಬರುವ ದಾರಿ ಆರೇಳು ಕಿಲೋಮೀಟರ್ ಮೀರಿದರೆ ಅಥವಾ ನಿಜವಾದ ಏರಿದ್ದರೆ ಮಾತ್ರ ಗೇರಿನ ಕಡೆ ಹೋಗಿ.

ಬ್ಯಾಟರಿ ಸೈಕಲ್

ಮೋಟಾರು 250 ವ್ಯಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿಮೀ ಮೀರದಿದ್ದರೆ ನೋಂದಣಿ ಬೇಡ, ಡಿಎಲ್ ಬೇಡ. ಮಂಡಿನೋವಿನವರಿಗೆ, ಹೊರೆಯೊಂದಿಗೆ ಏರು ಹತ್ತಬೇಕಾದವರಿಗೆ, ಆಫೀಸಿಗೆ ಬೆವರದೆ ಹೋಗಿ ಬರುವಾಗ ತರಕಾರಿ ತರುವವರಿಗೆ ಇದು ದೊಡ್ಡ ಉಪಕಾರ.

ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ಜಾಹೀರಾತು ನೋಡಬೇಡಿ, ಬ್ಯಾಟರಿಯ ಮೇಲಿನ ಎರಡು ಅಂಕಿ ಗುಣಿಸಿ. 36 ವೋಲ್ಟ್, 7.8 ಆಂಪಿಯರ್ ಅವರ್ ಅಂದರೆ ಸುಮಾರು 280 ವ್ಯಾಟ್ ಅವರ್. ನೀವೂ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ ಎಂಟು ಹತ್ತು ವ್ಯಾಟ್ ಅವರ್ ಖರ್ಚು, ಅಂದರೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬರೀ ಆಕ್ಸಿಲರೇಟರ್ ತಿರುಗಿಸಿ ಕೂತರೆ ಅಷ್ಟು ಬರುವುದಿಲ್ಲ. ಮನೆಯ ಓಡಾಟಕ್ಕೆ ವಾರಕ್ಕೆ ಎರಡು ಸಲ ಚಾರ್ಜ್ ಮಾಡಿದರೆ ನಡೆಯುತ್ತದೆ, ಒಂದು ಸಲಕ್ಕೆ ಕಾಲು ಯೂನಿಟ್ಟಿನ ಮೇಲೆ ಒಂದಿಷ್ಟು ಕರೆಂಟು.

ಇಲ್ಲೂ ನಿಲುಗಡೆಯ ಲೆಕ್ಕವೇ ಮುಖ್ಯ. ತೂಕ ಕರಿ ಸೈಕಲ್ಲಿನಷ್ಟೇ ಇರುತ್ತದೆ, ಮೆಟ್ಟಿಲ ಮೇಲೆ ಎತ್ತುವುದು ಕಷ್ಟ. ಬೆಲೆ ಹೆಚ್ಚಾದ್ದರಿಂದ ಮಾರುಕಟ್ಟೆಯ ಮುಂದೆ ಬಿಟ್ಟು ಒಳಗೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಬ್ಯಾಟರಿ ಬಿಚ್ಚಿಕೊಳ್ಳುವಂತಿದ್ದರೆ ಅದನ್ನೂ ಕೈಚೀಲದಲ್ಲಿ ಹೊರಬೇಕು. ಮಾರ್ಚಿನ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಮನೆಗೆ ಬಂದ ಕೂಡಲೇ ಚಾರ್ಜಿಗೂ ಹಾಕಬೇಡಿ, ತಣ್ಣಗಾಗಲಿ.

ಟ್ರಿಣ್ ಟ್ರಿಣ್

ಮೈಸೂರಿನಲ್ಲಿ 2017ರ ಜೂನಿನಲ್ಲಿ ಸುಮಾರು 450 ಸೈಕಲ್ಲಿನೊಂದಿಗೆ ಶುರುವಾದ ಈ ಬಾಡಿಗೆ ವ್ಯವಸ್ಥೆಯಲ್ಲಿ ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬೇಕು. ಬ್ಯಾಂಕಿಗೋ ಅರಮನೆ ಕಡೆಗೋ ಒಂದೇ ಕೆಲಸಕ್ಕೆ ಹೋಗುವುದಾದರೆ ಚೆನ್ನ. ಐದು ಅಂಗಡಿ ಸುತ್ತುವವರಿಗೆ ಹೊಂದುವುದಿಲ್ಲ, ಗಿರಣಿಯ ಮುಂದೆ ಸೈಕಲ್ ಬಿಡಲು ನಿಲ್ದಾಣ ಎಲ್ಲಿದೆ?

ಬುಟ್ಟಿಯೋ, ಕ್ಯಾರಿಯರೋ, ಬೆನ್ನಿನ ಚೀಲವೋ

ಸೈಕಲ್ ಯಾವುದು ಎನ್ನುವುದಕ್ಕಿಂತ ಇದು ದೊಡ್ಡ ಆಯ್ಕೆ. ಮೂರಕ್ಕೂ ಒಂದೊಂದು ಕೆಲಸವಿದೆ, ಅದಲುಬದಲು ಮಾಡಿದರೆ ಕಷ್ಟ.

ಮುಂದಿನ ಬುಟ್ಟಿಯ ಗುಣವೆಂದರೆ ಸಾಮಾನು ಕಣ್ಣ ಮುಂದಿರುತ್ತದೆ, ಹಾಕಿ ತೆಗೆಯಲು ಕಟ್ಟುವ ಬಿಚ್ಚುವ ರಗಳೆಯಿಲ್ಲ. ಸೊಪ್ಪು, ಹೂವು, ಬ್ರೆಡ್ಡು, ಔಷಧಿಗೆ ಹೇಳಿ ಮಾಡಿಸಿದ ಜಾಗ. ಮೂರ್ನಾಲ್ಕು ಕೆಜಿ ಮೀರಿದರೆ ಮಾತ್ರ ಸೈಕಲ್ ನಿಲ್ಲಿಸಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ತಿರುಗಿ, ಸ್ಟ್ಯಾಂಡ್ ಸಮೇತ ಬೀಳಿಸುತ್ತದೆ. ಟೊಮೆಟೊ ರಸ್ತೆಯಲ್ಲಿ ಉರುಳುವುದು ಹೆಚ್ಚಾಗಿ ಹೀಗೆಯೇ. ದೇವರಾಜ ಮಾರುಕಟ್ಟೆಯಿಂದ ಹೊರಟ ಕೊತ್ತಂಬರಿ ಒಂಬತ್ತರ ಬಿಸಿಲಿಗೇ ಸೊರಗುತ್ತದೆ, ಒದ್ದೆ ಬಟ್ಟೆಯೊಂದನ್ನು ಬುಟ್ಟಿಯಲ್ಲೇ ಇಟ್ಟುಕೊಂಡಿರಿ.

ಭಾರವೆಲ್ಲ ಹಿಂದಿನ ಕ್ಯಾರಿಯರಿಗೆ. ಕಟ್ಟಲು ಅಂಗಡಿಯ ಕೊಕ್ಕೆ ಹಗ್ಗಕ್ಕಿಂತ ಹಳೆ ಟ್ಯೂಬಿನ ಪಟ್ಟಿ ನೂರು ಪಾಲು ಮೇಲು. ಪಂಚರ್ ಅಂಗಡಿಯಲ್ಲಿ ಕೇಳಿದರೆ ಬಿಸಾಡಿದ ಟ್ಯೂಬನ್ನು ಉದ್ದಕ್ಕೆ ಸೀಳಿ ಕೊಡುತ್ತಾರೆ. ಗಿರಣಿಗೆ ಹೋಗುವಾಗ ಒಂದು ವಿಷಯ: ದುಂಡನೆಯ ಸ್ಟೀಲ್ ಡಬ್ಬ ಕ್ಯಾರಿಯರ್ ಮೇಲೆ ಜಾರುತ್ತದೆ, ಎಷ್ಟು ಬಿಗಿದರೂ ಗುಂಡಿಗೆ ಬಿದ್ದಾಗ ಪಟ್ಟಿಯ ಕೆಳಗಿಂದ ನುಸುಳುತ್ತದೆ. ಅಡಿಗೆ ನಾಲ್ಕು ಮಡಿಕೆ ಗೋಣಿತಾಟು ಹಾಕಿ, ಪಟ್ಟಿಯನ್ನು ಒಮ್ಮೆ ಡಬ್ಬದ ಕುತ್ತಿಗೆಗೆ ಸುತ್ತಿ, ಆಮೇಲೆ ಕ್ಯಾರಿಯರಿಗೆ ಅಡ್ಡಡ್ಡ ಎರಡು ಸಲ ಬಿಗಿಯಿರಿ. ಮೆಣಸಿನಪುಡಿ ಗಿರಣಿಯಿಂದ ಸುಡುಸುಡು ಬರುತ್ತದೆ. ಗಟ್ಟಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟಾಗುತ್ತದೆ, ತೆರೆದಿಟ್ಟರೆ ದಾರಿಯುದ್ದಕ್ಕೂ ಸೀನು. ಬಾಯಿಗೆ ತೆಳು ಹತ್ತಿಬಟ್ಟೆ ಕಟ್ಟಿ ತನ್ನಿ. ಗಿರಣಿಯಲ್ಲಿ ಗಲಾಟೆಯಿದ್ದರೆ ‘ಡಬ್ಬ ಇಟ್ಟು ಹೋಗಿ ಅಮ್ಮಾ, ಸಂಜೆ ಬನ್ನಿ’ ಅನ್ನುತ್ತಾರೆ, ಆಗ ಒಪ್ಪಿಕೊಳ್ಳಿ: ಸಂಜೆಯ ತಂಪಿಗೆ ಇನ್ನೊಂದು ಸುತ್ತು ಸಿಕ್ಕಿತು, ಪುಡಿಯೂ ಆರಿರುತ್ತದೆ.

ಕ್ಯಾರಿಯರಿನ ಎರಡು ಪಕ್ಕ ನೇತುಬೀಳುವ ಜೋಡಿಚೀಲ ಸಿಕ್ಕರೆ ಇನ್ನೂ ಒಳ್ಳೆಯದು. ಭಾರ ಕೆಳಗಿಳಿದಷ್ಟೂ ಸೈಕಲ್ ವಾಲುವುದು ಕಡಿಮೆ. ತರಕಾರಿಯನ್ನು ಎರಡೂ ಕಡೆ ಸಮನಾಗಿ ಹಂಚಿ, ಹಿಮ್ಮಡಿ ತಾಗದ ಹಾಗೆ ಹಿಂದಕ್ಕೆ ಸರಿಸಿ ಕಟ್ಟಿ.

ಬೆನ್ನಿನ ಚೀಲ ಈ ಕಾಲಕ್ಕೆ ಬೆವರಿನ ಚೀಲ. ಆದರೂ ಮೊಟ್ಟೆಗೆ ಅದೇ ಸರಿ, ಏಕೆಂದರೆ ಗುಂಡಿಯ ಹೊಡೆತವನ್ನು ಅರ್ಧ ನಿಮ್ಮ ಮೈಯೇ ತಿನ್ನುತ್ತದೆ. ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಕವರ್ ನೇತುಹಾಕುವುದನ್ನು ಮಾತ್ರ ದಯವಿಟ್ಟು ಬಿಡಿ. ತಿರುವಿನಲ್ಲಿ ಕವರ್ ಕಡ್ಡಿಗಳ ನಡುವೆ ಸಿಕ್ಕಿದರೆ ಮುಂದಿನ ಚಕ್ರ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಗ್ಯಾಸ್ ಸಿಲಿಂಡರ್ ತುಂಬಿದಾಗ ಮೂವತ್ತು ಕೆಜಿ. ಅದನ್ನು ಏಜೆನ್ಸಿಯವರೇ ತರಲಿ.

ಗಾಳಿ ಮತ್ತು ಬೀಗ

ಕೊಳ್ಳುವಾಗ ಯಾರೂ ಕೇಳದ, ಕೊಂಡ ಮೇಲೆ ಎಲ್ಲರೂ ಕೇಳುವ ಪ್ರಶ್ನೆ: ಗಾಳಿ ಎಲ್ಲಿ ಹೊಡೆಸುವುದು? ಟ್ಯೂಬಿನ ಬಾಯಿ ಮೂರು ಥರ. ಕರಿ ಸೈಕಲ್ಲಿನದು ಒಳಗೆ ರಬ್ಬರ್ ವಾಲ್‌ಟ್ಯೂಬ್ ಇರುವುದು, ಸೈಕಲ್ ಅಂಗಡಿಯ ಕೈಪಂಪಿನಲ್ಲಿ ಹೊಡೆಯುತ್ತಾರೆ. ಎರಡನೆಯದು ಸ್ಕೂಟರಿನ ಥರದ್ದು, ಪೆಟ್ರೋಲ್ ಬಂಕಿನ ಗಾಳಿ ನೇರ ಹಿಡಿಯುತ್ತದೆ. ಮೂರನೆಯದು ದುಬಾರಿ ಗೇರ್ ಸೈಕಲ್ಲಿನ ಸಣ್ಣ, ಉದ್ದ ಬಾಯಿ. ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಕೊಂಡು ಕೀಗೊಂಚಲಿಗೆ ಹಾಕಿಟ್ಟುಕೊಳ್ಳದಿದ್ದರೆ ಬಂಕಿನವರು ಕೈಯಾಡಿಸುತ್ತಾರೆ. ಮನೆಯ ಓಡಾಟಕ್ಕೆ ನನ್ನ ಓಟು ಎರಡನೆಯದಕ್ಕೆ. ಮೊದಲನೆಯದರಲ್ಲಿ ಗಾಳಿ ರಾತ್ರಿಯೆಲ್ಲ ಮೆಲ್ಲಗೆ ಇಳಿದಿದ್ದರೆ ಪಂಚರ್ ಎಂದು ಓಡಬೇಡಿ. ಬಾಯಿಯ ಮೇಲೆ ಬೆರಳಿನಿಂದ ಒಂದು ಹನಿ ನೀರಿಡಿ, ಗುಳ್ಳೆ ಎದ್ದರೆ ವಾಲ್‌ಟ್ಯೂಬ್ ಹೋಗಿದೆ. ಚಿಲ್ಲರೆ ಕಾಸಿನ ರಿಪೇರಿ.

ಬಿಸಿಲಿಗೆ ಟೈರ್ ಸಿಡಿಯುತ್ತದೆ ಎಂದು ಗಾಳಿ ಕಡಿಮೆ ಇಡುವವರಿದ್ದಾರೆ. ಬೆಳಗಿನ 20 ಡಿಗ್ರಿಯ ಟೈರು ಬಿಸಿಲಲ್ಲಿ 50 ಡಿಗ್ರಿಯಾದರೂ ಒಳಗಿನ ಒತ್ತಡ ಹೆಚ್ಚುವುದು ಹತ್ತನೇ ಒಂದು ಪಾಲು. ಸಿಡಿಯುವುದು ಪಕ್ಕದ ರಬ್ಬರ್ ಬಿರಿದ ಹಳೆ ಟೈರು. ಗಾಳಿ ಕಡಿಮೆಯಾದರೆ ಹೊರೆಯ ಭಾರಕ್ಕೆ ರಿಮ್ ನೆಲ ಮುಟ್ಟಿ ಟ್ಯೂಬ್ ಹರಿಯುವುದು ಹೆಚ್ಚು.

ಬೀಗದ ವಿಷಯ ಚಿಕ್ಕದು. ಹಿಂದಿನ ಚಕ್ರಕ್ಕೇ ಕೂರುವ ಬಳೆಬೀಗ ಐದು ಸೆಕೆಂಡಿನ ಕೆಲಸ, ಐದು ನಿಲುಗಡೆಗೆ ಅದೇ ಸರಿ. ಗೇರಿನದೋ ಬ್ಯಾಟರಿಯದೋ ಆದರೆ ಸರಪಳಿ ಬೀಗವೂ ಇರಲಿ, ಕಂಬಕ್ಕೆ ಸೇರಿಸಿ ಹಾಕಿ.

ಊರು ಬೇರೆಯಾದರೆ

ದಾವಣಗೆರೆ, ವಿಜಯಪುರದಂಥ ಸಮತಟ್ಟಿನ ಊರಿನವರಿಗೆ ಗೇರು ಪೂರ್ತಿ ದಂಡ, ಆದರೆ ಬಿಸಿಲು ಬೇಗ ಏರುವುದರಿಂದ ಬೆಳಗಿನ ಹೊತ್ತನ್ನು ಒಂಬತ್ತಕ್ಕೇ ಮುಗಿಸಿ. ಮಂಗಳೂರಿನಲ್ಲಿ ಕದ್ರಿ ಗುಡ್ಡದ ಏರು, ಸಮುದ್ರದ ಸೆಕೆ ಎರಡೂ ಸೇರಿ ಬ್ಯಾಟರಿ ಸೈಕಲ್ಲಿನ ಬೆಲೆಯನ್ನು ಸಮರ್ಥಿಸುತ್ತವೆ. ಉಪ್ಪುಗಾಳಿಗೆ ಚೈನಿಗೆ ಎಣ್ಣೆ ಪದೇಪದೇ ಬೇಕು. ಮಡಿಕೇರಿಯವರಿಗೆ ಗೇರೋ ಬ್ಯಾಟರಿಯೋ ಇಲ್ಲದೆ ಆಗದು, ಜೊತೆಗೆ ಒಳ್ಳೆಯ ಬ್ರೇಕು. ಕಾಫಿಗೆ ಹೂಮಳೆ ಬರುವುದೂ ಇದೇ ತಿಂಗಳುಗಳಲ್ಲಿ, ರಾಡ್ ಬ್ರೇಕಿನ ಸೈಕಲ್ ಇಳಿಜಾರಿಗೆ ಸಲ್ಲದು. ಬೆಂಗಳೂರಿನವರು ಮುಖ್ಯರಸ್ತೆಯ ಯೋಚನೆ ಬಿಟ್ಟು ಬಡಾವಣೆಯ ಒಳಗಿನ ಕ್ರಾಸುಗಳಲ್ಲಿ ಮುಗಿಯುವ ಕೆಲಸಗಳನ್ನು ಮೊದಲು ಲೆಕ್ಕ ಹಾಕಲಿ, ಅಷ್ಟಕ್ಕೆ ಲೇಡೀಸ್ ಸೈಕಲ್ ಸಾಕು.

ಅಂಗಡಿಯಲ್ಲಿ

ದುಡ್ಡು ಕೊಡುವ ಮುಂಚೆ ಖಾಲಿ ಸೈಕಲ್ಲನ್ನು ಒಂದು ರೌಂಡ್ ಹೊಡೆದು ‘ಚೆನ್ನಾಗಿದೆ’ ಎನ್ನಬೇಡಿ, ಖಾಲಿಯಾಗಿ ಎಲ್ಲವೂ ಚೆನ್ನಾಗಿರುತ್ತವೆ. ಪಕ್ಕದ ದಿನಸಿ ಅಂಗಡಿಯಲ್ಲಿ ಹೇಗಿದ್ದರೂ ಬೇಕಾದ ಹತ್ತು ಕೆಜಿ ಅಕ್ಕಿ ಕೊಂಡುಕೊಂಡೇ ಹೋಗಿ. ಅದನ್ನು ಕ್ಯಾರಿಯರ್ ಮೇಲಿಟ್ಟು ಕಟ್ಟಿ, ಸ್ಟ್ಯಾಂಡ್ ಹಾಕಿ, ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲಿ. ಆಮೇಲೆ ನೀವು ದಿನಾ ಉಡುವ ಬಟ್ಟೆಯಲ್ಲೇ ಮೂರು ಸಲ ಹತ್ತಿ ಇಳಿಯಿರಿ. ಮೂರನೇ ಸಲಕ್ಕೂ ಕಾಲು ಎಲ್ಲೂ ತಗುಲದಿದ್ದರೆ ಚೌಕಾಸಿ ಶುರುಮಾಡಿ, ಅಕ್ಕಿಯನ್ನು ಕಟ್ಟಿದ ಟ್ಯೂಬಿನ ಪಟ್ಟಿಯನ್ನು ಪುಕ್ಕಟೆ ಕೇಳಿ.